ಕಡಲಿಲ್ಲದ ಸೀಮೆಯ ತೀರಗಳು

ಬೇಸಗೆಯ ರಜಾ ಬಂದಿತೆಂದರೆ ನಮ್ಮ ಬಯಲುಸೀಮೆಯವರಿಗೆ ಕಡಲಿನ ಧ್ಯಾನ ಹಿಡಿಯುತ್ತದೆ. ಕಾರವಾರಕ್ಕೆ ಹೋಗೋಣವೇ, ಗೋಕರ್ಣಕ್ಕೋ, ಮಲ್ಪೆಗೋ ಎಂಬ ಚರ್ಚೆ ಮನೆಯಲ್ಲಿ ಮೊದಲಾಗುತ್ತದೆ. ಮಕ್ಕಳು ಅಲೆಗಳನ್ನು ಎಣಿಸಬೇಕು, ಹಿರಿಯರು ಮರಳಿನಲ್ಲಿ ಕಾಲು ನೀಡಿ ಕೂಡಬೇಕು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಘಟ್ಟ ಇಳಿಯುವ ಮೊದಲು ನಿಮ್ಮನ್ನು ಒಂದಿಷ್ಟು ಹೊತ್ತು ಈಚೆಯಲ್ಲಿಯೇ ನಿಲ್ಲಿಸಿಕೊಳ್ಳಬೇಕೆಂದು ನನ್ನ ಆಸೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು—ಈ ನಾಲ್ಕು ತಾಲ್ಲೂಕುಗಳಿಗೆ ಕಡಲಿಲ್ಲ. ಆದರೂ ಇಲ್ಲಿ ತೀರಗಳುಂಟು. ಕೆಲವನ್ನು ಪ್ರಕೃತಿ ಕೊಟ್ಟಿತು, ಕೆಲವನ್ನು ಮನುಷ್ಯ ಕಟ್ಟಿಕೊಂಡ. ಕಟ್ಟಿಕೊಂಡ ತೀರದ ಕಥೆಯೇ ಹೆಚ್ಚು ಸ್ವಾರಸ್ಯವಾದದ್ದು.

ಈಗ ನಾಲ್ಕೂ ದಾವಣಗೆರೆ ಜಿಲ್ಲೆಗೆ ಸೇರಿವೆ. ಆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಹಿಂದೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು; ನ್ಯಾಮತಿ ಹೊನ್ನಾಳಿಯ ಒಳಗೇ ಇದ್ದು ತೀರ ಈಚೆಗೆ ಬೇರೆ ತಾಲ್ಲೂಕಾಯಿತು. ಈ ವಿಂಗಡಣೆ ಕಚೇರಿಯ ಕಾಗದಕ್ಕೆ ಸಂಬಂಧಿಸಿದ್ದು. ನೆಲದ ವಿಂಗಡಣೆ ಬೇರೆ. ಪಡುವಲಲ್ಲಿ ಮಲೆನಾಡಿನ ಸೆರಗು, ನಡುವೆ ಗುಡ್ಡಗಳ ಸಾಲು, ಮೂಡಲಿಗೆ ಹೋದಂತೆಲ್ಲ ಮಳೆ ಕಡಿಮೆಯಾಗಿ ಜಗಳೂರಿನ ಹೊತ್ತಿಗೆ ಬರಿಯ ಬಯಲು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಮೊದಲು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಹೋಗೋಣ. ಇದಕ್ಕೆ ಶಾಂತಿಸಾಗರವೆಂದೂ ಹೆಸರು. ಏರಿಯ ಮೇಲೆ ನಿಂತು ತೆಂಕಣಕ್ಕೆ ನೋಡಿದರೆ 'ಸಾಗರ' ಎಂದವರನ್ನು ಅತಿಶಯೋಕ್ತಿಯವರೆಂದು ದೂರಲು ಮನಸ್ಸಾಗದು. ಗಾಳಿಯ ದಿನ ನೀರು ಸಣ್ಣ ಸಣ್ಣ ಅಲೆಗಳಾಗಿ ಬಂದು ಕಲ್ಲುಕಟ್ಟಡಕ್ಕೆ ಬಡಿಯುತ್ತದೆ. ಆಚೆಯ ದಡ ಮಬ್ಬಾಗಿ ಗುಡ್ಡದ ಬುಡದಲ್ಲಿ ಕರಗಿಹೋಗಿರುತ್ತದೆ. ಕೆರೆಯ ಉದ್ದ ಸುಮಾರು 8 ಕಿಲೋಮೀಟರು, ಅಗಲ 4.6 ಕಿಲೋಮೀಟರು, ನೀರು ನಿಲ್ಲುವ ನೆಲ 6,550 ಎಕರೆ. ಏಷ್ಯಾ ಖಂಡದಲ್ಲಿಯೇ ಎರಡನೆಯ ದೊಡ್ಡ ಕೆರೆಯೆಂದು ಸ್ಥಳದವರು ಅಭಿಮಾನದಿಂದ ಹೇಳುತ್ತಾರೆ. ಮೊದಲನೆಯದು ಯಾವುದೆಂದು ಮಾತ್ರ ಕೇಳಬೇಡಿ, ಒಬ್ಬೊಬ್ಬರು ಒಂದೊಂದು ಹೇಳಿಯಾರು.

ಈ ಕೆರೆಯ ಸುತ್ತಳತೆ 40 ಮೈಲಿಯೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನದ ಗೆಜೆಟಿಯರ್ ಬರೆದ ಲೂಯಿ ರೈಸರು ಹೇಳಿದ್ದಾರೆ. ಈಗ ಸುಮಾರು 30 ಕಿಲೋಮೀಟರೆಂದು ಹೇಳುವುದು ವಾಡಿಕೆ. ಇಬ್ಬರಲ್ಲಿ ಯಾರು ಸರಿ? ನನಗೆ ತೋರುವಂತೆ, ತೀರವೆಂಬುದು ನಡೆಯುವವನ ಕಾಲಿನ ಮೇಲೆ ನಿಂತಿದೆ. ಒಂದೊಂದು ಹಿನ್ನೀರಿನ ಕೊರಕಲಿನೊಳಗೂ ಹೊಕ್ಕು ಹೊರಟರೆ ದಾರಿ ಬೆಳೆಯುತ್ತದೆ, ನೇರ ಹಾದುಹೋದರೆ ಕುಗ್ಗುತ್ತದೆ. ಕೆರೆ ತುಂಬಿದ ವರ್ಷದ ದಡವೇ ಬೇರೆ, ಬತ್ತಿದ ವರ್ಷದ ದಡವೇ ಬೇರೆ.

ಈಗ ನೀವು ನಿಂತಿರುವ ಏರಿಯನ್ನು ಅಳೆದು ನೋಡಿ. ಉದ್ದ 950 ಅಡಿ, ಅಂದರೆ 300 ಮೀಟರಿಗೂ ಕಡಿಮೆ! ಸಾಮಾನ್ಯವಾದ ಊರಕೆರೆಯ ಏರಿಯೂ ಕೆಲವು ಕಡೆ ಇದಕ್ಕಿಂತ ಉದ್ದವಾಗಿರುತ್ತದೆ. ಇಷ್ಟು ಗಿಡ್ಡನೆಯ ಗೋಡೆ ಅಷ್ಟು ದೊಡ್ಡ ನೀರನ್ನು ಹಿಡಿದು ನಿಲ್ಲಿಸಿದ್ದು ಹೇಗೆ? ಎರಡು ಗುಡ್ಡಗಳು ಇಲ್ಲಿ ಎದುರುಬದುರಾಗಿ ಬಂದು ನಿಂತಿವೆ; ನಡುವಿನ ಕಣಿವೆಯ ಬಾಯಲ್ಲಿ ಹರಿದ್ರಾವತಿ ಹಳ್ಳ ಹರಿಯುತ್ತಿತ್ತು. ಸುಮಾರು 330 ಚದರ ಕಿಲೋಮೀಟರು ನೆಲದ ಮಳೆ ಹರಿದು ಬಂದು ಈ ಒಂದೇ ಬಾಗಿಲಿನಿಂದ ಹೊರಗೆ ಹೋಗಬೇಕು. ಕಟ್ಟಿದವರು ಬಾಗಿಲನ್ನು ಮುಚ್ಚಿದರು, ಅಷ್ಟೆ. ಉಳಿದ ತೀರವನ್ನೆಲ್ಲ ಗುಡ್ಡಗಳೇ ಒದಗಿಸಿದವು. ಜಾಗವನ್ನು ಹುಡುಕಿದ ಕಣ್ಣಿಗೆ ಮೊದಲು ಕೈಮುಗಿಯಬೇಕು, ಕಲ್ಲು ಹೊತ್ತ ತೋಳಿಗೆ ಆಮೇಲೆ.

ಹಳಬರಿಗೆ ಈ ವಿದ್ಯೆ ಶಾಸ್ತ್ರವಾಗಿಯೇ ತಿಳಿದಿತ್ತು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಶಾಸನವುಂಟು. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಕೆರೆ ಕಟ್ಟಿಸಿದಾಗ ಹಾಕಿಸಿದ್ದು. ದಿನಕ್ಕೆ ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ದುಡಿಮೆಯೆಂದು ಅದು ಲೆಕ್ಕ ಹೇಳುತ್ತದೆ. ಅಷ್ಟಕ್ಕೇ ನಿಲ್ಲದೆ, ಒಳ್ಳೆಯ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ ಇರಬಾರದ ಆರು ದೋಷಗಳನ್ನೂ ಪಟ್ಟಿ ಮಾಡುತ್ತದೆ. ಸಿಹಿನೀರಿನ ಹೊಳೆ ಇರಬೇಕು, ಎರಡು ಬೆಟ್ಟಗಳ ನಡುವೆ ಗಟ್ಟಿಕಲ್ಲಿನ ಏರಿ ಇರಬೇಕು, ಅದು ಬಹಳ ಉದ್ದವಾಗಿರಬಾರದು, ಕೆರೆಯಂಗಳ ವಿಶಾಲವೂ ಆಳವೂ ಆಗಿರಬೇಕು, ಹತ್ತಿರದಲ್ಲಿ ಕಲ್ಲುಗಣಿ ಇರಬೇಕು, ಪಳಗಿದ ಕೆಲಸಗಾರರಿರಬೇಕು—ಹೀಗೆ. ಈ ಮಾತುಗಳನ್ನು ಓದುವಾಗ ಸೂಳೆಕೆರೆಯನ್ನು ಎದುರಿಗಿಟ್ಟುಕೊಂಡೇ ಬರೆದರೇನೋ ಎನಿಸುತ್ತದೆ. ಆದರೆ ಆರು ದೋಷಗಳಲ್ಲಿ ಕೊನೆಯದು, ನೀರು ಹೆಚ್ಚಾಗಿ ಅದನ್ನು ಉಣ್ಣುವ ಜಮೀನು ಕಡಿಮೆಯಾಗಿರುವುದು. ಇದನ್ನೂ ನಾವು ಪ್ರಾಮಾಣಿಕವಾಗಿ ಒಪ್ಪಬೇಕು: ಎಂಬತ್ತು ಸಾವಿರ ಎಕರೆಗೂ ಮೀರಿದ ಜಲಾನಯನಕ್ಕೆ ಹೋಲಿಸಿದರೆ ಕೆರೆಯ ಅಚ್ಚುಕಟ್ಟು 4,700 ಎಕರೆಯಷ್ಟೆ. ಕೆರೆಯ ಅಳತೆಗೆ ತಕ್ಕ ಅಚ್ಚುಕಟ್ಟು ಅದಕ್ಕೆ ದೊರೆಯಲಿಲ್ಲ.

ಏರಿಯಲ್ಲಿ ಎರಡು ತೂಬುಗಳಿವೆ. ಒಂದಕ್ಕೆ ಸಿದ್ಧನ ಹೆಸರು, ಇನ್ನೊಂದಕ್ಕೆ ಬಸವನ ಹೆಸರು. ತೂಬು ಎತ್ತಿದ ನೀರು ಗದ್ದೆ ತೋಟಗಳಿಗೆ ಹೋಗುತ್ತದೆ. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಆದಮೇಲೆ ಅದರ ನಾಲೆಯ ನೀರೂ ಈ ಕೆರೆಗೆ ಬಂದು ಸೇರುವಂತಾಯಿತು. ಕಣಿವೆಯ ಹಳ್ಳವೊಂದನ್ನೇ ನೆಚ್ಚಿದ್ದ ಕೆರೆಗೆ ಮಲೆನಾಡಿನ ಹೊಳೆಯ ನೆರವು ಸಿಕ್ಕಿತು. ಚಿತ್ರದುರ್ಗದ ನಗರದವರು ಕುಡಿಯುವ ನೀರಿನಲ್ಲಿಯೂ ಇದರ ಪಾಲುಂಟು.

ಇನ್ನು ಹೆಸರಿನ ವಿಚಾರ. ಇದನ್ನು ಹೇಳದೆ ಮುಂದೆ ಹೋಗುವಂತಿಲ್ಲ, ಏಕೆಂದರೆ ಬಹಳ ಜನ ಈ ಹೆಸರನ್ನು ಬಾಯಿಬಿಟ್ಟು ಹೇಳಲು ಸಂಕೋಚಪಡುತ್ತಾರೆ. ಐತಿಹ್ಯ ಹೀಗಿದೆ: ಈಗ ನೀರು ನಿಂತಿರುವೆಡೆ ಹಿಂದೆ ಸ್ವರ್ಗಾವತಿಯೆಂಬ ಪಟ್ಟಣವಿತ್ತು. ವಿಕ್ರಮರಾಯನೆಂಬ ಅರಸು, ಅವನ ಮಗಳು ಶಾಂತವ್ವೆ. ಅವಳು ಕೆರೆ ಕಟ್ಟಿಸಲು ಹೊರಟಳು. ತಕ್ಕ ಸ್ಥಳವೆಂದರೆ ಸೂಳೆಯರು ವಾಸವಾಗಿದ್ದ ಕೇರಿ. ಜಾಗ ಬಿಡಿರೆಂದು ಕೇಳಿದಾಗ ಅವರು ಹಣ ಕೇಳಲಿಲ್ಲ, ಬೇರೆ ಊರು ಕೇಳಲಿಲ್ಲ. ಕೆರೆಗೆ ತಮ್ಮ ಹೆಸರಿರಬೇಕೆಂದು ಕರಾರು ಹಾಕಿದರು. ರಾಜಕುಮಾರಿ ಒಪ್ಪಿದಳು. ಇನ್ನೊಂದು ಪಾಠದಲ್ಲಿ ಕಥೆಯ ಬಣ್ಣ ಕಪ್ಪಾಗಿದೆ. ಶಾಂತವ್ವೆ ಸಿದ್ಧೇಶ್ವರನ ಸಂಗದಿಂದ ಬಸುರಾದಳೆಂದೂ, ಪ್ರಾಯಶ್ಚಿತ್ತವಾಗಿ ಕೆರೆ ಕಟ್ಟಿಸಿದಳೆಂದೂ, ತನ್ನ ಪಟ್ಟಣ ಮುಳುಗಿದ್ದನ್ನು ಕಂಡ ತಂದೆ ಸಿಟ್ಟಿನಿಂದ ಕೆರೆಗೆ ಈ ಹೆಸರಿಟ್ಟು ಶಪಿಸಿದನೆಂದೂ ಅದು ಹೇಳುತ್ತದೆ. ಏರಿಯ ಬಳಿಯ ಸಿದ್ಧೇಶ್ವರನ ಗುಡಿಗೆ ಹೋದವರು ಕಥೆಯನ್ನು ಹಿರಿಯರ ಬಾಯಿಂದಲೇ ಕೇಳಬಹುದು.

ಚರಿತ್ರೆಯ ಕಣ್ಣಿಗೆ ಇವೆರಡೂ ಪ್ರಮಾಣವಲ್ಲ. ಕೆರೆ ಹನ್ನೊಂದು ಹನ್ನೆರಡನೆಯ ಶತಮಾನದ್ದೆಂದು ಸಾಮಾನ್ಯವಾಗಿ ನಂಬಿಕೆ. 1128 ಎಂದು ಇಸವಿಯನ್ನೇ ಹೇಳುವವರೂ ಇದ್ದಾರೆ. ಆ ಕಾಲದಲ್ಲಿ ಕಲ್ಯಾಣದ ಚಾಲುಕ್ಯರ ಸಾಮ್ರಾಜ್ಯ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ತರುವಾಯ ಮೂರನೆಯ ಸೋಮೇಶ್ವರನು ಪಟ್ಟದಲ್ಲಿದ್ದನು. ನೊಳಂಬವಾಡಿಯನ್ನು ಉಚ್ಚಂಗಿಯ ಪಾಂಡ್ಯರು ಸಾಮಂತರಾಗಿ ಆಳುತ್ತಿದ್ದರು. ಕಥೆಯ ವಿಕ್ರಮರಾಯನನ್ನು ಚರಿತ್ರೆಯ ವಿಕ್ರಮಾದಿತ್ಯನೊಡನೆ ಗಂಟು ಹಾಕುವ ಆಸೆ ಯಾರಿಗಾದರೂ ಹುಟ್ಟೀತು. ಹೆಸರಿನ ಹೋಲಿಕೆಯೊಂದನ್ನೇ ಹಿಡಿದು ಹಾಗೆ ಮಾಡುವುದು ನನಗೆ ಸರಿಕಾಣದು.

ಆದರೆ ಕಥೆ ಸುಳ್ಳೇ ಇರಲಿ, ಅದರೊಳಗಿನ ಕರಾರು ಮಾತ್ರ ಯೋಚಿಸಬೇಕಾದದ್ದು. 'ಸೂಳೆ' ಎಂಬ ಮಾತು ಹಳಗನ್ನಡದ ಶಾಸನಗಳಲ್ಲಿ ಇಂದಿನಂತೆ ಬೈಗುಳವಾಗಿರಲಿಲ್ಲ. ದೇವಾಲಯದಲ್ಲಿ ಕುಣಿಯುವ ಹಾಡುವ ಹೆಂಗಸರಿಗೂ ಅದೇ ಹೆಸರು. ಅಂಥ ಹೆಂಗಸರು ದಾನಧರ್ಮಗಳನ್ನು ಮಾಡಿ ಕಲ್ಲಿನ ಮೇಲೆ ಹೆಸರು ನಿಲ್ಲಿಸಿದ ಉದಾಹರಣೆಗಳುಂಟು. ಬಾದಾಮಿಯ ಬಳಿ ಮಹಾಕೂಟದಲ್ಲಿ ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ಹಿರಣ್ಯಗರ್ಭ ದಾನ ಮಾಡಿದ ಕನ್ನಡ ಶಾಸನವಿದೆ. ಅದು ಎಂಟನೆಯ ಶತಮಾನದ ಮಾತು. ಮಂಡ್ಯ ಜಿಲ್ಲೆಯಲ್ಲಿಯೂ ಒಂದು ಸೂಳೆಕೆರೆಯಿದೆ. ನೀರಿಗೆ ಮನೆಮಾರು ಬಿಟ್ಟುಕೊಟ್ಟವರು ಕೇಳಿದ ಬೆಲೆ ಹೆಸರೊಂದೇ ಆಗಿದ್ದರೆ, ನಾವು ನಾಚಿಕೆಯಿಂದ ಫಲಕದ ಮೇಲೆ 'ಶಾಂತಿಸಾಗರ' ಎಂದು ಮಾತ್ರ ಬರೆದಾಗ ಮುರಿಯುವುದು ಯಾರ ಮಾತನ್ನು? ರಾಜಕುಮಾರಿಯ ಹೆಸರು ಉಳಿಯಲಿ, ಬೇಡವೆನ್ನುವುದಿಲ್ಲ. ಜೊತೆಗೆ ಹಳೆಯ ಹೆಸರೂ ಉಳಿಯಬೇಕು. ಹಳ್ಳಿಯವರು ಇಂದಿಗೂ ಸೂಳೆಕೆರೆಯೆಂದೇ ಕರೆಯುತ್ತಾರೆ, ಅವರಿಗೆ ಸಂಕೋಚವಿಲ್ಲ.

ಹೆಸರಿಗಿಂತ ದೊಡ್ಡ ಗಂಡಾಂತರ ತೀರಕ್ಕೇ ಒದಗಿದೆ. ಬೇಸಗೆಯಲ್ಲಿ ನೀರು ಹಿಂದಕ್ಕೆ ಸರಿದಾಗ ಕೆರೆಯಂಗಳದ ಹೂಳು ತೇಲುತ್ತದೆ. ಒಳ್ಳೆಯ ಮಣ್ಣು, ಯಾರೋ ಒಂದು ಪೈರು ತೆಗೆಯುತ್ತಾರೆ. ಪೈರು ಮೂರು ನಾಲ್ಕು ತಿಂಗಳಿನದಾದರೆ ಮಳೆ ಬಂದೊಡನೆ ಕೆರೆ ತನ್ನ ನೆಲವನ್ನು ಮರಳಿ ಪಡೆಯುತ್ತದೆ. ಅಲ್ಲಿಯೇ ಅಡಿಕೆ ನೆಟ್ಟರೆ? ಅಡಿಕೆ ಹತ್ತಾರು ವರ್ಷದ ಸಸಿ. ಚನ್ನಗಿರಿ ಅಡಿಕೆಯ ಸೀಮೆ, ಅಡಿಕೆಯಿಂದ ಬದುಕು ಹಸನಾದ ಸೀಮೆ. ಅದನ್ನು ಹಳಿದು ಫಲವಿಲ್ಲ. ಆದರೆ ತೋಟ ಒಂದು ಮಾರು ಮುಂದೆ ಬಂದರೆ ಕೆರೆ ಒಂದು ಮಾರು ಹಿಂದೆ ಹೋಯಿತೆಂದೇ ಅರ್ಥ. ಒತ್ತುವರಿ ಬಿಡಿಸಬೇಕು, ಅಳತೆ ಮಾಡಿ ಗಡಿಕಲ್ಲು ನೆಡಬೇಕು, ಹೂಳು ತೆಗೆಯಬೇಕೆಂದು ಸ್ಥಳದವರೇ ಈಚಿನ ವರ್ಷಗಳಲ್ಲಿ ಕೂಗೆಬ್ಬಿಸಿದ್ದಾರೆ. ಹಿಂದಿನ ಕಾಲದಲ್ಲಿ ಏರಿಯ ದುರಸ್ತಿಗೂ ಹೂಳಿಗೂ ಪ್ರತ್ಯೇಕ ಏರ್ಪಾಡಿತ್ತು. ಕೆರೆಯ ಕೆಳಗಿನ ಗದ್ದೆಯಲ್ಲಿ ಬಿತ್ತುವಟ್ಟವೆಂದೂ ಕೆರೆಗೊಡಗೆಯೆಂದೂ ಮಾನ್ಯ ಬಿಟ್ಟು, ಮಣ್ಣು ಹೊರುವ ಬಂಡಿ ಕೋಣಗಳ ಖರ್ಚಿಗೆ ಆಧಾರ ಮಾಡುತ್ತಿದ್ದರು. 1856ರಲ್ಲಿ ಮೈಸೂರಿಗೆ ಲೋಕೋಪಯೋಗಿ ಇಲಾಖೆ ಬಂದಿತು. ಹತ್ತು ವರ್ಷದಲ್ಲಿ ಸ್ಯಾಂಕಿ ಎಂಬ ಎಂಜಿನಿಯರರು, ಈ ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕಬೇಕಾದರೆ ಜಾಣತನ ಬೇಕಾದೀತೆಂದು ಬೆರಗಾಗಿ ಬರೆದರು. ಅಷ್ಟು ಒತ್ತಾಗಿ ಹಳಬರು ಕೆರೆ ಕಟ್ಟಿದ್ದರು. ಈಗ ಹೊಸ ಜಾಗದ ಪ್ರಶ್ನೆಯಿಲ್ಲ, ಇದ್ದ ಜಾಗವನ್ನು ಉಳಿಸಿಕೊಂಡರೆ ಸಾಕು.

ಕೆರೆಗೆ ಹೋಗುವುದಾದರೆ ಮಳೆಗಾಲ ಮುಗಿದ ಮೇಲೆ ಹೋಗಿ. ಬೆಳಗಿನ ಹೊತ್ತು ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿಗಳು ತಮ್ಮ ತಮ್ಮ ಕಸುಬಿನಲ್ಲಿ ತೊಡಗಿರುತ್ತವೆ. ಏರಿಯ ಕೆಳಗೆ ನೀರು ತುಂಬ ಆಳ. ಈಜು ಬಲ್ಲೆನೆಂಬ ಧೈರ್ಯ ಇಲ್ಲಿ ಬೇಡ.

ಅದೇ ತಾಲ್ಲೂಕಿನ ಸಂತೆಬೆನ್ನೂರಿನಲ್ಲಿ ನೀರಿನ ಇನ್ನೊಂದು ರೂಪವನ್ನು ಕಾಣುತ್ತೀರಿ. ಅಲ್ಲಿಯದು ಪುಷ್ಕರಿಣಿ. ಹದಿನಾರನೆಯ ಶತಮಾನದಲ್ಲಿ ಪಾಳೆಯಗಾರ ಹನುಮಪ್ಪನಾಯಕನು ರಂಗನಾಥನ ಗುಡಿಯ ಎದುರಿಗೆ ಕಟ್ಟಿಸಿದ್ದು. ನಾಲ್ಕೂ ಕಡೆ ಇಳಿಯುವ ಕಲ್ಲಿನ ಮೆಟ್ಟಿಲು, ನೀರಿನ ನಡುವೆ ವಸಂತಮಂಟಪ. ಮುಂದಿನ ಶತಮಾನದಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾಖಾನನು ಬಂದು ಗುಡಿಯಿದ್ದೆಡೆ ಮುಸಾಫಿರಖಾನೆಯನ್ನು ಎಬ್ಬಿಸಿದನು. ಗುಡಿ ಹೋಯಿತು, ಕೊಳ ಉಳಿಯಿತು. ಚನ್ನಗಿರಿಯ ಹೆಸರಿನಲ್ಲಿ ಕೆಳದಿಯ ರಾಣಿ ಚೆನ್ನಮ್ಮಾಜಿ ಇದ್ದಾಳೆ. ಊರ ಬೆಟ್ಟದ ಕೋಟೆಗೆ ಹತ್ತಿ ನೋಡಿದರೆ ಸುತ್ತಣ ತೋಟಗಳ ಹಸುರು ಕಣ್ಣಿಗೆ ತಂಪು, ಹತ್ತುವುದು ಕಷ್ಟವಲ್ಲ.

ಸೂಳೆಕೆರೆಯಿಂದ ಹೊರಟ ಹರಿದ್ರೆ ವಡಗಣಕ್ಕೆ ಹರಿದು ಮಲೆಬೆನ್ನೂರನ್ನು ದಾಟಿ ಹರಿಹರದಲ್ಲಿ ತುಂಗಭದ್ರೆಗೆ ಸೇರುತ್ತದೆ. ಆ ಹೊಳೆಯ ದಡವನ್ನೇ ಹಿಡಿದು ಮೇಲಕ್ಕೆ ಬಂದರೆ ಹೊನ್ನಾಳಿ. ಇದು ಕಟ್ಟಿದ ತೀರವಲ್ಲ, ಹೊಳೆ ಕೊಟ್ಟದ್ದು. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾದಮೇಲೆ ಬರುವ ಮೊದಲ ದೊಡ್ಡ ಊರುಗಳಲ್ಲಿ ಇದೊಂದು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ತುಂಬಿ ದಡದ ಕೇರಿಗಳಿಗೂ ನುಗ್ಗುವುದುಂಟು. ಬೇಸಗೆಯಲ್ಲಿ ಬಂಡೆಗಳು ಬೆನ್ನು ತೋರಿಸುತ್ತವೆ, ಮರಳು ಹೊಳೆಯುತ್ತದೆ. ದಡದಲ್ಲಿ ರಾಘವೇಂದ್ರಸ್ವಾಮಿಗಳ ಮಠವಿದೆ. ಹೊನ್ನಾಳಿಯೆಂಬ ಹೆಸರು 'ಹೊನ್ನಿ'ನಿಂದ ಬಂದಿತೆಂದು ಜನ ಹೇಳುತ್ತಾರೆ. ಅದು ಬರಿಯ ಮಾತಲ್ಲವೇನೋ. ಈ ಸೀಮೆಯ ಬಂಡೆಗಳಲ್ಲಿ ಚಿನ್ನದ ಎಳೆಗಳುಂಟು. 1887ರಲ್ಲಿ ಭೂವಿಜ್ಞಾನಿ ಬ್ರೂಸ್ ಫೂಟರು ಮೈಸೂರಿನ ಚಿನ್ನದ ನೆಲಗಳನ್ನು ಸುತ್ತಿ ಪರೀಕ್ಷಿಸಿದರು, ಆ ಕಾಲದಲ್ಲಿ ಇಲ್ಲಿಯೂ ಗಣಿ ತೋಡುವ ಪ್ರಯತ್ನ ನಡೆಯಿತು. ಕೋಲಾರದ ಭಾಗ್ಯ ಹೊನ್ನಾಳಿಗೆ ಬರಲಿಲ್ಲ. ಗಣಿಯವರು ಹೋದರು, ಹೊಳೆ ಉಳಿಯಿತು. ಇದರಲ್ಲಿ ಹೊನ್ನಾಳಿಗೆ ನಷ್ಟವಾಯಿತೆಂದು ನಾನು ಭಾವಿಸಿಲ್ಲ.

ನ್ಯಾಮತಿ ಹಳೆಯ ಊರಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ದಿವಾನ್ ಪೂರ್ಣಯ್ಯನವರ ಕಾಲಕ್ಕೆ ಪೇಟೆಯಾಗಿ ಬೆಳೆದದ್ದು. ಮಲೆನಾಡಿನ ಅಡಿಕೆ ಇಳಿದು ಬರಬೇಕು, ಬಯಲಿನ ಕಾಳುಕಡಿ ಏರಿ ಹೋಗಬೇಕು. ಎರಡೂ ಸಂಧಿಸಿ ಬೆಲೆ ಮಾತನಾಡಲು ಒಂದು ತಾಣ ಬೇಕಾಗಿತ್ತು. ಕಡಲ ದಡದಲ್ಲಿ ಬಂದರು ಮಾಡುವ ಕೆಲಸವನ್ನು ಇಲ್ಲಿ ನ್ಯಾಮತಿ ಮಾಡಿತು. ಹಡಗಿನ ಬದಲು ಎತ್ತಿನ ಬಂಡಿ. ಹತ್ತಿರದ ಬೆಳಗುತ್ತಿ ಮಾತ್ರ ಹಳೆಯದು. ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ ಸಿಂದ ವಂಶದವರು ಅಲ್ಲಿಂದ ಆಳಿದರು. ರೈಸರು ಅಚ್ಚು ಹಾಕಿಸಿದ ಶಾಸನಗಳ ಏಳನೆಯ ಸಂಪುಟವನ್ನು ತೆರೆದರೆ ಆ ಸಿಂದರ ಮಾತು ಮತ್ತೆ ಮತ್ತೆ ಬರುತ್ತದೆ. ಬೆಳಗುತ್ತಿಯ ಬಳಿ ಬೆಟ್ಟದಲ್ಲಿ ತೀರ್ಥರಾಮೇಶ್ವರವಿದೆ. ಸುತ್ತ ಕುರುಚಲು ಕಾಡು, ನಡುವೆ ಬಿರುಬೇಸಗೆಯಲ್ಲಿಯೂ ಬತ್ತದ ಒರತೆ. ರಾಮನು ಬಾಣ ಬಿಟ್ಟು ನೀರು ತರಿಸಿದನೆಂದು ನಂಬಿಕೆ. ನಡೆದು ಹತ್ತಬಲ್ಲವರು ಚಪ್ಪಲಿ ಬಿಟ್ಟು ಹೋಗಿ ಒಂದು ಬೊಗಸೆ ಕುಡಿದು ನೋಡಬಹುದು. ಇದೇ ತಾಲ್ಲೂಕಿನ ಸೂರಗೊಂಡನಕೊಪ್ಪ ಲಂಬಾಣಿಗರ ಗುರು ಸೇವಾಲಾಲರ ಜನ್ಮಸ್ಥಳ. ಎತ್ತಿನ ಮೇಲೆ ಉಪ್ಪು ಧಾನ್ಯ ಹೇರಿ ನಾಡೆಲ್ಲ ಸುತ್ತಿದ ಜನ ವರ್ಷಕ್ಕೊಮ್ಮೆ ಅಲ್ಲಿ ನೆರೆಯುತ್ತಾರೆ.

ಜಗಳೂರಿಗೆ ಬಂದರೆ ಕಥೆ ತಿರುಗುತ್ತದೆ. ಇಲ್ಲಿ ತುಂಬಿ ಹರಿಯುವ ಹೊಳೆಯಿಲ್ಲ. ಚಿನ್ನಹಗರಿಯೆಂಬ ಜನಗಿಹಳ್ಳ ಮಳೆ ಬಂದಾಗ ಹೊಳೆ, ಉಳಿದಾಗ ಮರಳು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದವರೆಗೆ ಕಣಕುಪ್ಪೆ ತಾಲ್ಲೂಕೆಂದೇ ಇದರ ಹೆಸರಿತ್ತು. ಬರಗಾಲದ ಪಟ್ಟಿಯಲ್ಲಿ ಜಗಳೂರು ಇಲ್ಲದ ವರ್ಷ ಅಪರೂಪ. ಇಲ್ಲಿಯೂ ಕೆರೆಗಳುಂಟು, ಆದರೆ ಕೆರೆಯಿದ್ದ ಮಾತ್ರಕ್ಕೆ ತೀರವಿದ್ದಂತಾಗದು. ಏರಿಯ ಎರಡು ಕಡೆಯೂ ಒಂದೇ ಬಣ್ಣದ ಒಣನೆಲವಾದರೆ ಅದನ್ನು ದಡವೆಂದು ಹೇಗೆ ಕರೆಯುವುದು? ಅಂಥ 57 ಕೆರೆಗಳಿಗೆ ತುಂಗಭದ್ರೆಯ ನೀರನ್ನು ಎತ್ತಿ ತುಂಬಿಸುವ ಯೋಜನೆ ಈ ಶತಮಾನದಲ್ಲಿ ಕೈಗೂಡಿತು. ನೀರನ್ನು ಎತ್ತುವುದು ಹರಿಹರ ತಾಲ್ಲೂಕಿನ ದೀಟೂರಿನ ಬಳಿ. ನ್ಯಾಮತಿಯ ಬೆಟ್ಟದ ಮಳೆ, ಹೊನ್ನಾಳಿಯ ಹೊಳೆ, ಇವು ತಾವಾಗಿ ಜಗಳೂರಿನ ಕಡೆಗೆ ಎಂದೂ ತಿರುಗಿದವಲ್ಲ. ಈಗ ಕೊಳವೆಯೊಳಗೆ ಬೆಟ್ಟ ಹತ್ತಿ ಬರುತ್ತವೆ. ಎರಡು ಗುಡ್ಡಗಳ ನಡುವೆ 950 ಅಡಿ ಗೋಡೆಯಿಟ್ಟು ಕೆಲಸ ಮುಗಿಸಿದವರಿಗೆ ಈ ವಿದ್ಯುತ್ತಿನ ಲೆಕ್ಕ ವಿಚಿತ್ರವಾಗಿ ಕಂಡೀತು. ಅವರ ನೀರು ತಾನೇ ಹರಿಯುತ್ತಿತ್ತು. ಇಲ್ಲಿಯದಕ್ಕೆ ತಿಂಗಳು ತಿಂಗಳೂ ಬಿಲ್ಲು ಬರುತ್ತದೆ.

ಹಾಗೆಂದು ಜಗಳೂರನ್ನು ಬರಿಯ ಬರದ ಸೀಮೆಯೆಂದು ತಿಳಿದು ಹಿಂದಿರುಗಬೇಡಿ. ರಂಗಯ್ಯನದುರ್ಗದ ಗುಡ್ಡಗಳ ಕುರುಚಲು ಕಾಡಿನಲ್ಲಿ ಸುಮಾರು 77 ಚದರ ಕಿಲೋಮೀಟರು ನೆಲವನ್ನು 2011ರಲ್ಲಿ ಕೊಂಡುಕುರಿಗಾಗಿ ವನ್ಯಧಾಮವೆಂದು ಸಾರಲಾಯಿತು. ಕೊಂಡುಕುರಿ ಕುರಿಯಲ್ಲ, ಎರಡಡಿ ಎತ್ತರದ ಚಿಗರೆ ಜಾತಿಯ ಪ್ರಾಣಿ. ಭಾರತ ನೇಪಾಳಗಳನ್ನು ಬಿಟ್ಟು ಜಗತ್ತಿನ ಬೇರೆಲ್ಲಿಯೂ ಕಾಡಿನಲ್ಲಿ ಅದು ಬದುಕಿಲ್ಲ. ಗಂಡಿಗೆ ನಾಲ್ಕು ಕೊಂಬು, ಕಿವಿಗಳ ನಡುವೆ ಎರಡು ಉದ್ದನೆಯವು, ಹಣೆಯ ಮೇಲೆ ಎರಡು ಮೊಂಡು. ಹೆಣ್ಣಿಗೆ ಕೊಂಬೇ ಇಲ್ಲ. ಹಿಂಡಾಗಿ ತಿರುಗುವುದಿಲ್ಲ, ಒಂಟಿಯಾಗಿಯೋ ಎರಡು ಮೂರಾಗಿಯೋ ಹುಲ್ಲಿನ ಮರೆಯಲ್ಲಿರುತ್ತದೆ. ಇಂಥ ಒಣನೆಲದಲ್ಲಿ ವಾಸಿಸಿದರೂ ಅದಕ್ಕೆ ನೀರು ಆಗಾಗ ಬೇಕೇ ಬೇಕು, ನೀರಿನ ನೆಲೆಯಿಂದ ದೂರ ಹೋಗಲೊಲ್ಲದು. ಆದ್ದರಿಂದ ನೋಡಬೇಕೆಂಬ ಆಸೆಯುಳ್ಳವರು ಅರಣ್ಯ ಇಲಾಖೆಯವರ ಅಪ್ಪಣೆ ಪಡೆದು, ಅವರೊಡನೆಯೇ, ಸಂಜೆಯ ಹೊತ್ತಿಗೆ ಗಾಳಿ ನಿಮ್ಮ ಮುಖಕ್ಕೆ ಬೀಸುವ ಕಡೆ ನೀರಗುಂಡಿಯೊಂದಕ್ಕೆ ದೂರವಾಗಿ ಕೂಡಬೇಕು. ಮಾತು ಬೇಡ, ಬಿಳಿಯ ಬಟ್ಟೆ ಬೇಡ. ಬಂದರೆ ಒಂದೇ ಬಂದೀತು. ಬಾಗಿ ಕುಡಿಯುವಾಗ ಹಣೆಯ ಮೇಲಿನ ಆ ಸಣ್ಣ ಜೋಡಿ ಕೊಂಬು ಕಾಣುತ್ತದೆಯೇ ನೋಡಿ.